ಹೊರಗೆ ಕನ್ನಡದ ಬೋರ್ಡು, ಒಳಗೆ ಪರರ ಬೀಗ

(ಬೀದರಿನಲ್ಲಿ ಕನ್ನಡದ ಯುವಕ ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಾಠ)



ಈ ನೆಲದಲ್ಲಿ ನಿಂತು ಕನ್ನಡದ ಮಾತಾಡುವವನು ಮೊದಲು ನೆನೆಯಬೇಕಾದ ಹೆಸರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರದು. ನಿಜಾಮನ ಆಡಳಿತದಲ್ಲಿ ಇಲ್ಲಿ ಉರ್ದುವಿಗೇ ಪಟ್ಟ. ಕನ್ನಡ ಶಾಲೆ ನಡೆಸುವುದೆಂದರೆ ಸರ್ಕಾರವನ್ನೇ ಎದುರು ಹಾಕಿಕೊಂಡಂತೆ. ಆಗ ಪೂಜ್ಯರು ಏನು ಮಾಡಿದರು? ಹೊರಗೆ ಉರ್ದು ಬೋರ್ಡು ಹಾಕಿಸಿದರು, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ೧೯೪೮ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, ೧೯೫೬ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು. ಆ ಶಾಲೆಗಳಲ್ಲಿ ಕಲಿತವರ ಮಕ್ಕಳು, ಮೊಮ್ಮಕ್ಕಳು ಇವತ್ತು ಈ ಸಭೆಯಲ್ಲಿ ಕೂತಿದ್ದಾರೆ.

ಈಗ ಕಾಲ ತಿರುಗಿದೆ. ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ೨೦೨೪ರಲ್ಲಿ ತಿದ್ದುಪಡಿ ಬಂತು. ನಾಮಫಲಕದ ಶೇಕಡ ೬೦ ಭಾಗ ಕನ್ನಡದಲ್ಲಿರಬೇಕು ಎಂದಾಯಿತು. ಒಳ್ಳೆಯದು. ಬೋರ್ಡಿಗಾಗಿ ಬೀದಿಗಿಳಿದವರಿಗೆ ನನ್ನ ನಮಸ್ಕಾರ. ಆದರೆ ಆ ಬೋರ್ಡಿನ ಕೆಳಗಿನ ಬಾಗಿಲು ದಾಟಿ ಒಳಗೆ ಹೋಗಿ ನೋಡಿ. ಮೇಜಿನ ಮೇಲೆ ಕಂಪ್ಯೂಟರ್ ಇದೆ. ಅದರ ಪರದೆಯ ಬಲಗಡೆ ಮೂಲೆಯಲ್ಲಿ ಮಸುಕಾದ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಕೂತಿದೆ: ಆಕ್ಟಿವೇಟ್ ವಿಂಡೋಸ್. ತಿಂಗಳುಗಟ್ಟಲೆ ಹಾಗೇ ಕೂತಿದೆ. ಯಾರಿಗೂ ಅದರ ಅರ್ಥ ಗೊತ್ತಿಲ್ಲ, ಕೇಳುವವರೂ ಇಲ್ಲ. ಅಂದು ಹೊರಗೆ ಪರಭಾಷೆಯ ಬೋರ್ಡು, ಒಳಗೆ ಕನ್ನಡ. ಇಂದು ಹೊರಗೆ ಕನ್ನಡದ ಬೋರ್ಡು, ಒಳಗೆ ಪರರ ಬೀಗ. ನಾನು ಇವತ್ತು ಮಾತಾಡಲು ಬಂದಿರುವುದು ಈ ಬೀಗದ ಬಗ್ಗೆ.

ಛಾಪಖಾನೆಯವನಿಗೆ ಇದೇಕೆ?

ನಾನು ಪಿಯುಸಿವರೆಗೆ ಓದಿದವನು. ಇಂಜಿನಿಯರ್ ಅಲ್ಲ. ಆದರೆ ಬೀಗ ಮತ್ತು ಕೀಲಿಕೈಯ ಕಥೆ ಛಾಪಖಾನೆಯವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಹಿಂದೆ ಅಚ್ಚುಮೊಳೆಯನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಒಮ್ಮೆ ಹಣ ಕೊಟ್ಟರೆ ಮೊಳೆ ನಮ್ಮದು. ಸವೆದರೆ ಕರಗಿಸಬಹುದು, ಬೇಡವಾದರೆ ಮಾರಬಹುದು. ‘ಕ’ ಅಕ್ಷರ ಜೋಡಿಸುವ ಮುಂಚೆ ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ.

ಡಿಟಿಪಿ ಬಂದ ಮೇಲೆ ಲೆಕ್ಕ ಬದಲಾಯಿತು. ಕನ್ನಡದ ಅಕ್ಷರ ಕೊಂಡರೆ ಅದರ ಜೊತೆ ಒಂದು ಸಣ್ಣ ಡಬ್ಬಿ ಬರುತ್ತಿತ್ತು. ನಾವು ಅದಕ್ಕೆ ಡಾಂಗಲ್ ಎನ್ನುತ್ತಿದ್ದೆವು, ಕೆಲವರು ಲಾಕ್ ಎನ್ನುತ್ತಿದ್ದರು. ಮೊದಲು ಪ್ರಿಂಟರ್ ಸಿಕ್ಕಿಸುವ ಪೋರ್ಟಿಗೆ, ಆಮೇಲೆ ಯುಎಸ್‌ಬಿಗೆ. ಅದು ಸಿಕ್ಕಿಸಿದ್ದರೆ ಕನ್ನಡ ಮೂಡುತ್ತದೆ, ಕಿತ್ತರೆ ಕನ್ನಡ ನಿಂತು ಹೋಗುತ್ತದೆ. ಮದುವೆ ಹಂಗಾಮಿನಲ್ಲಿ ಲಾಕ್ ಕೆಟ್ಟರೆ ಲಗ್ನಪತ್ರಿಕೆ ನಿಂತಿತೆಂದೇ ಅರ್ಥ. ತಯಾರಿಸಿದವನಿಗೆ ತನ್ನ ದುಡಿಮೆ ಕಾಯ್ದುಕೊಳ್ಳುವ ಹಕ್ಕಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಭಾಷೆಯ ಅಕ್ಷರಕ್ಕೆ ಕೀಲಿಕೈ ಇದೆ, ಅದು ಬೇರೊಬ್ಬರ ಕೈಯಲ್ಲಿದೆ ಎಂಬ ಪಾಠವನ್ನು ನಾವು ಕಲಿತದ್ದು ಆ ಡಬ್ಬಿಯಿಂದ.

ಇವತ್ತು ಆ ಡಬ್ಬಿ ಕಣ್ಣಿಗೆ ಕಾಣುವುದಿಲ್ಲ. ಅದು ಇಂಟರ್‌ನೆಟ್ಟಿನಲ್ಲಿದೆ, ಸರ್ವರಿನಲ್ಲಿದೆ. ಅದರ ಹೆಸರು ಆಕ್ಟಿವೇಶನ್.

ಲೈಸೆನ್ಸ್ ಎಂದರೇನು, ಕೀ ಎಂದರೇನು

ಗೆಳೆಯರೆ, ವಿಂಡೋಸ್ ತಂತ್ರಾಂಶ ನಮ್ಮ ಕೈಗೆ ಬರುವುದು ಮೂರು ದಾರಿಯಲ್ಲಿ. ಮೊದಲನೆಯದು, ಕಂಪ್ಯೂಟರಿನ ಜೊತೆಗೇ ಕಂಪನಿಯವರು ಹಾಕಿ ಕೊಡುವುದು. ಇದಕ್ಕೆ ಓಇಎಂ ಎನ್ನುತ್ತಾರೆ. ಆ ಯಂತ್ರಕ್ಕೆ ಮಾತ್ರ ಅದು ಲಾಗೂ. ಎರಡನೆಯದು, ಅಂಗಡಿಯಲ್ಲಿ ಒಂದೊಂದಾಗಿ ಕೊಳ್ಳುವುದು, ಅಂದರೆ ರೀಟೇಲ್. ಮೂರನೆಯದು ಕಾಲೇಜು, ಬ್ಯಾಂಕು, ಸರ್ಕಾರಿ ಕಚೇರಿ ಮುಂತಾದ ಸಂಸ್ಥೆಗಳು ಒಟ್ಟಾಗಿ ಹತ್ತಾರು, ನೂರಾರು ಕಂಪ್ಯೂಟರಿಗೆ ಕೊಳ್ಳುವ ವಾಲ್ಯೂಮ್ ಲೈಸೆನ್ಸ್. ಚಿಲ್ಲರೆ ಮತ್ತು ಸಗಟು ಎಂದು ತಿಳಿಯಿರಿ.

ಇಲ್ಲಿ ಒಂದು ಗುಟ್ಟು ಹೇಳುತ್ತೇನೆ, ಬರೆದುಕೊಳ್ಳಿ. ಕೆಲಸದ ಮೇಜಿನ ಕಂಪ್ಯೂಟರಿಗೆ ಕೊಡುವ ವಿಂಡೋಸಿನ ಸಗಟು ಲೈಸೆನ್ಸ್ ಅಪ್‌ಗ್ರೇಡ್ ಲೈಸೆನ್ಸ್. ಅಂದರೆ ಆ ಯಂತ್ರಕ್ಕೆ ಮೊದಲೇ ಅರ್ಹವಾದ ಒಂದು ವಿಂಡೋಸ್ ಲೈಸೆನ್ಸ್ ಇರಬೇಕು, ಅದರ ಮೇಲೆ ಇದು. ಹಣ ಉಳಿಸಲು ವಿಂಡೋಸ್ ಇಲ್ಲದ ಕಂಪ್ಯೂಟರ್ ಕೊಂಡು, ಮೇಲೆ ಸಗಟು ಕೀ ಹಾಕಿಸಿದರೆ ಪರದೆಯ ಮೇಲೆ ಎಲ್ಲಾ ಸರಿ ಎಂದೇ ಕಾಣುತ್ತದೆ. ಕಾಗದದ ಮೇಲೆ ಸರಿಯಿರುವುದಿಲ್ಲ. ಕೀ ಇದ್ದ ಮಾತ್ರಕ್ಕೆ ಲೈಸೆನ್ಸ್ ಇದ್ದಂತಲ್ಲ. ಮನೆಯ ಕೀಲಿಕೈ ಕಿಸೆಯಲ್ಲಿದ್ದ ಮಾತ್ರಕ್ಕೆ ಮನೆ ನಮ್ಮ ಹೆಸರಿಗೆ ಆಗುತ್ತದೆಯೆ? ಖಾತೆ ಬೇರೆ, ಕೀಲಿಕೈ ಬೇರೆ. ಟೆಂಡರ್ ಕರೆಯುವವರು ಇದನ್ನು ಅರಿತಿರಬೇಕು.

ಕೂಪನ್ ಪುಸ್ತಕ ಮತ್ತು ಹಾಜರಿ ಪುಸ್ತಕ

ಈಗ ಸಗಟು ಲೈಸೆನ್ಸಿನ ಬೀಗ ತೆರೆಯುವ ಬಗೆ ನೋಡೋಣ. ಮುಖ್ಯವಾಗಿ ಎರಡು ಪದ್ಧತಿ.

ಮೊದಲನೆಯದರ ಹೆಸರು ಎಂಎಕೆ. ಇದು ರೇಷನ್ ಕೂಪನ್ ಪುಸ್ತಕದಂತೆ. ಒಂದು ಕೀಗೆ ಇಂತಿಷ್ಟು ಸಲ ಎಂದು ಲೆಕ್ಕ ಇರುತ್ತದೆ. ಪ್ರತಿ ಕಂಪ್ಯೂಟರೂ ಇಂಟರ್‌ನೆಟ್ ಮೂಲಕ ನೇರ ಮೈಕ್ರೋಸಾಫ್ಟನ್ನು ಕೇಳುತ್ತದೆ, ಒಂದು ಕೂಪನ್ ಹರಿಯುತ್ತದೆ. ಒಮ್ಮೆ ಆಯಿತೆಂದರೆ ಮತ್ತೆ ಮತ್ತೆ ಕೇಳುವ ತಾಪತ್ರಯ ಇಲ್ಲ. ಆದರೆ ವೈರಸ್ ಬಂತೆಂದು ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದರೆ ಸಾಮಾನ್ಯವಾಗಿ ಇನ್ನೊಂದು ಕೂಪನ್ ಹೋಯಿತು. ಹಳೆಯದು ತಾನಾಗಿ ವಾಪಸು ಬರುವುದಿಲ್ಲ. ಮೂವತ್ತು ಕಂಪ್ಯೂಟರಿನ ಲ್ಯಾಬನ್ನು ವರ್ಷಕ್ಕೆ ಎರಡು ಸಲ ಫಾರ್ಮ್ಯಾಟ್ ಹೊಡೆಯುವ ಕಡೆ ಪುಸ್ತಕ ಬೇಗ ಖಾಲಿಯಾಗುತ್ತದೆ. ಆಮೇಲೆ ‘ಕೀ ಕೆಟ್ಟದೆ’ ಎಂದು ದೂರುತ್ತಾರೆ. ಕೀ ಕೆಟ್ಟಿರುವುದಿಲ್ಲ, ಕೂಪನ್ ಮುಗಿದಿರುತ್ತದೆ.

ಎರಡನೆಯದು ಕೆಎಂಎಸ್. ಇದು ಹಾಜರಿ ಪುಸ್ತಕ. ಸಂಸ್ಥೆಯೊಳಗೇ ಒಂದು ಸರ್ವರ್ ಇಟ್ಟು, ಅದಕ್ಕೆ ಸಗಟು ಕೀ ಹಾಕಿ, ಅದನ್ನು ಮಾತ್ರ ಮೈಕ್ರೋಸಾಫ್ಟಿನಿಂದ ಆಕ್ಟಿವೇಟ್ ಮಾಡಿಸಬೇಕು. ಉಳಿದ ಕಂಪ್ಯೂಟರುಗಳೆಲ್ಲ ಈ ಸರ್ವರಿನ ಮುಂದೆ ಹಾಜರಿ ಹಾಕುತ್ತವೆ. ಒಂದು ಸಲ ಹಾಜರಿ ಹಾಕಿದರೆ ೧೮೦ ದಿನ ಚಾಲ್ತಿ. ೭ ದಿನಕ್ಕೊಮ್ಮೆ ಕಂಪ್ಯೂಟರ್ ತಾನೇ ಹೋಗಿ ಹಾಜರಿ ಹೊಸದು ಮಾಡಿಕೊಳ್ಳುತ್ತದೆ, ಎಣಿಕೆ ಮತ್ತೆ ೧೮೦ರಿಂದ ಶುರು. ಒಂದೊಂದು ಯಂತ್ರಕ್ಕೂ ಇಂಟರ್‌ನೆಟ್ ಬೇಕಿಲ್ಲ, ಒಳಗಿನ ನೆಟ್‌ವರ್ಕ್ ಸಾಕು.

ಆದರೆ ಒಂದು ಷರತ್ತು ಇದೆ. ಮೇಜಿನ ವಿಂಡೋಸಿಗೆ ಕನಿಷ್ಠ ೨೫ ಕಂಪ್ಯೂಟರುಗಳು ಬಂದು ಕೇಳುವವರೆಗೆ ಸರ್ವರ್ ಯಾರಿಗೂ ಹಾಜರಿ ಕೊಡುವುದಿಲ್ಲ. ಆಫೀಸ್ ತಂತ್ರಾಂಶಕ್ಕೂ ಸರ್ವರ್ ವಿಂಡೋಸಿಗೂ ೫ ಸಾಕು. ಸಭೆಗೆ ಕೋರಂ ಇದ್ದಂತೆ. ಹನ್ನೆರಡು ಕಂಪ್ಯೂಟರಿನ ಶಾಲೆಗೆ ಕೆಎಂಎಸ್ ಹಾಕಿಸುತ್ತೇನೆ ಎಂದು ಯಾರಾದರೂ ಬಿಲ್ ಮಾಡಿದರೆ ಅವನಿಗೆ ಕೆಲಸ ಗೊತ್ತಿಲ್ಲ, ಇಲ್ಲವೆ ನಿಮಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತಿದೆ. ಅಂಥ ಕಡೆ ಕೂಪನ್ ಪುಸ್ತಕವೇ ಸರಿ.

ಮೂರನೆಯ ದಾರಿಯೂ ಇದೆ. ವಿಂಡೋಸ್ ೮ ಮತ್ತು ಸರ್ವರ್ ೨೦೧೨ ಬಂದ ಮೇಲೆ, ಆಕ್ಟಿವ್ ಡೈರೆಕ್ಟರಿ ಇರುವ ದೊಡ್ಡ ಸಂಸ್ಥೆಗಳಲ್ಲಿ ಅದರ ಮೂಲಕವೇ ಆಕ್ಟಿವೇಶನ್ ಆಗುತ್ತದೆ. ಅಲ್ಲಿ ೨೫ರ ಕೋರಂ ಬೇಕಿಲ್ಲ, ಆ ಡೊಮೇನಿಗೆ ಸೇರಿದ ಯಂತ್ರವಾಗಿದ್ದರೆ ಸಾಕು.

ನಮ್ಮ ಊರಿನಲ್ಲಿ ಎಲ್ಲಿ ಕೆಡುತ್ತದೆ

ಪುಸ್ತಕದಲ್ಲಿ ಎಲ್ಲಾ ಚೆಂದ. ನಮ್ಮ ಕಡೆ ಬಂದಾಗ ಕೆಡುವುದು ಎಲ್ಲಿ? ನಾಲ್ಕು ಕಡೆ ಹೇಳುತ್ತೇನೆ.

ಒಂದು, ತದ್ರೂಪು. ಲ್ಯಾಬಿನ ಮೂವತ್ತು ಯಂತ್ರಕ್ಕೆ ಒಂದೊಂದಾಗಿ ವಿಂಡೋಸ್ ಹಾಕುವ ಬದಲು, ಒಂದಕ್ಕೆ ಹಾಕಿ ಉಳಿದ ಇಪ್ಪತ್ತೊಂಬತ್ತಕ್ಕೆ ಅದರ ಪ್ರತಿ ಇಳಿಸುತ್ತಾರೆ. ಇದು ತಪ್ಪಲ್ಲ. ಆದರೆ ಪ್ರತಿ ತೆಗೆಯುವ ಮುಂಚೆ ಸಿಸ್‌ಪ್ರೆಪ್ ಎಂಬ ಕೆಲಸ ಮಾಡಿ ಯಂತ್ರದ ಗುರುತು ಅಳಿಸಬೇಕು. ಅಳಿಸದಿದ್ದರೆ ಮೂವತ್ತಕ್ಕೂ ಒಂದೇ ಗುರುತು. ಕೆಎಂಎಸ್ ಸರ್ವರ್ ಮೂವತ್ತು ಯಂತ್ರವನ್ನು ನೋಡಿದರೂ ಒಂದೇ ಎಂದು ಎಣಿಸುತ್ತದೆ. ಒಬ್ಬನೇ ಹುಡುಗ ಮೂವತ್ತು ಸಲ ‘ಹಾಜರ್ ಸರ್’ ಅಂದ ಹಾಗೆ. ಕೋರಂ ತುಂಬುವುದೇ ಇಲ್ಲ.

ಎರಡು, ಗಡಿಯಾರ. ಕಂಪ್ಯೂಟರಿನ ಸಮಯಕ್ಕೂ ಸರ್ವರಿನ ಸಮಯಕ್ಕೂ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಇದ್ದರೆ ಕೆಎಂಎಸ್ ಹಾಜರಿ ಕೊಡುವುದಿಲ್ಲ. ಕರೆಂಟ್ ಹೋಗಿ ಬಂದು ಮಾಡುವ ಹಳ್ಳಿಯ ಶಾಲೆಯಲ್ಲಿ, ಬೇಸಿಗೆ ರಜೆಗೆ ಲ್ಯಾಬಿಗೆ ಬೀಗ ಹಾಕಿ ಜೂನ್‌ನಲ್ಲಿ ತೆಗೆದಾಗ, ಮದರ್‌ಬೋರ್ಡಿನ ಸಣ್ಣ ಸೆಲ್ ಸತ್ತಿರುತ್ತದೆ. ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಚಿಲ್ಲರೆ ಬೆಲೆಯ ಒಂದು ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿದರೆ ಮುಗಿಯುವ ಕೆಲಸ. ಅದು ಗೊತ್ತಿಲ್ಲದೆ ‘ವಿಂಡೋಸ್ ಖರಾಬ್ ಆಗ್ಯದ’ ಎಂದು ನಕಲಿ ಹಾಕಿಸುತ್ತಾರೆ.

ಮೂರು, ದಾರಿ. ಕಂಪ್ಯೂಟರಿಗೆ ಕೆಎಂಎಸ್ ಸರ್ವರ್ ಎಲ್ಲಿದೆ ಎಂದು ತಿಳಿಯುವುದು ನೆಟ್‌ವರ್ಕಿನ ಡಿಎನ್‌ಎಸ್ ದಾಖಲೆಯಿಂದ. ಮಾತಾಡುವುದು ೧೬೮೮ ಎಂಬ ಪೋರ್ಟಿನ ಮೂಲಕ. ಡಿಎನ್‌ಎಸ್‌ನಲ್ಲಿ ವಿಳಾಸ ಇಲ್ಲದಿದ್ದರೆ, ಅಥವಾ ಫೈರ್‌ವಾಲ್ ಆ ಬಾಗಿಲು ಮುಚ್ಚಿದ್ದರೆ ಸರ್ವರ್ ಪಕ್ಕದ ಕೋಣೆಯಲ್ಲಿದ್ದರೂ ಸಿಗುವುದಿಲ್ಲ. ಮುಖ್ಯ ಕಚೇರಿ ಬೀದರಿನಲ್ಲಿ, ಶಾಖೆ ಔರಾದಿನಲ್ಲಿ ಇರುವ ಸಂಸ್ಥೆಯ ಶಾಖೆಯ ಯಂತ್ರ ೧೮೦ ದಿನ ಮುಖ್ಯ ಕಚೇರಿಯ ನೆಟ್‌ವರ್ಕಿಗೆ ತಾಗದೆ ಇದ್ದರೆ ಅದರ ಹಾಜರಿ ತಪ್ಪುತ್ತದೆ. ಸಿಬ್ಬಂದಿ ಮನೆಗೆ ಒಯ್ದ ಲ್ಯಾಪ್‌ಟಾಪಿಗೂ ಇದೇ ಗತಿ.

ನಾಲ್ಕನೆಯದು ದೊಡ್ಡದು, ಅದು ಯಂತ್ರದ ದೋಷ ಅಲ್ಲ, ಮನುಷ್ಯರದು. ಕೀ ಯಾರ ಹೆಸರಿನಲ್ಲಿದೆ? ಪಾಸ್‌ವರ್ಡ್ ಯಾರ ಮೊಬೈಲಿನಲ್ಲಿದೆ? ಗುತ್ತಿಗೆದಾರ ಹೊರಗಿನಿಂದ ಬರುತ್ತಾನೆ, ಹಾಕುತ್ತಾನೆ, ‘ಚಾಲು ಅದ ಸರ್, ಸಹಿ ಮಾಡ್ರಿ’ ಎನ್ನುತ್ತಾನೆ, ಹೋಗುತ್ತಾನೆ. ಎರಡು ವರ್ಷದ ನಂತರ ಅವನ ಫೋನ್ ಹತ್ತುವುದಿಲ್ಲ. ಸಂಸ್ಥೆಯ ಕಪಾಟಿನಲ್ಲಿ ಬಿಲ್ ಮಾತ್ರ ಇರುತ್ತದೆ. ಹಣ ನಮ್ಮದು, ತೆರಿಗೆ ನಮ್ಮದು, ಕೀಲಿಕೈ ಮಾತ್ರ ಹೈದರಾಬಾದಿನಲ್ಲೋ ಪುಣೆಯಲ್ಲೋ ಬೆಂಗಳೂರಿನಲ್ಲೋ ಯಾರದೋ ಕಿಸೆಯಲ್ಲಿ.

ನಕಲಿ ಕೀಲಿಕೈಯ ಬೆಲೆ

ಆಗ ಏನಾಗುತ್ತದೆ? ಪೆನ್‌ಡ್ರೈವ್ ಹಿಡಿದು ಒಬ್ಬ ಬರುತ್ತಾನೆ. ‘ಐದು ಮಿನಿಟಿನ್ಯಾಗ ಮಾಡಿ ಕೊಡ್ತೀನಿ’ ಎನ್ನುತ್ತಾನೆ. ಅವನು ಹಾಕುವುದು ಕೆಎಂಎಸ್ ಸರ್ವರಿನ ವೇಷ ಹಾಕಿದ ಒಂದು ಸಣ್ಣ ತಂತ್ರಾಂಶ. ನಿಮ್ಮ ಕಂಪ್ಯೂಟರ್ ಅದನ್ನೇ ಹೆಡ್ ಮಾಸ್ತರ್ ಎಂದು ನಂಬಿ ಹಾಜರಿ ಹಾಕುತ್ತದೆ. ಆದರೆ ಅದನ್ನು ಹಾಕುವ ಮುಂಚೆ ಅವನು ಮಾಡುವ ಮೊದಲ ಕೆಲಸ ಗಮನಿಸಿದ್ದೀರಾ? ಆಂಟಿವೈರಸ್ ಬಂದ್ ಮಾಡುತ್ತಾನೆ. ಎಷ್ಟೋ ಕಡೆ ಅಪ್‌ಡೇಟನ್ನೂ ಬಂದ್ ಮಾಡುತ್ತಾನೆ. ಕಾವಲುಗಾರನನ್ನು ಮಲಗಿಸಿ, ಬಾಗಿಲು ತೆಗೆದಿಟ್ಟು, ಯಾರೋ ಗೊತ್ತಿಲ್ಲದವರು ಬರೆದ ತಂತ್ರಾಂಶಕ್ಕೆ ಮನೆಯ ಯಜಮಾನಿಕೆ ಕೊಟ್ಟಂತೆ.

೨೦೧೭ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಪೀಡೆ ಜಗತ್ತನ್ನೇ ಸುತ್ತಿತು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಅಪ್‌ಡೇಟ್ ಹಾಕಿಕೊಂಡವರು ಉಳಿದರು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಸೆಪ್ಟೆಂಬರ್ ಬಂದರೆ ಸಹಕಾರ ಸಂಘಗಳ ಮಹಾಸಭೆಯ ಹಂಗಾಮು. ವಾರ್ಷಿಕ ವರದಿ ಛಾಪಿಸಲು ಜನ ನಮ್ಮ ಕಡೆ ಬರುತ್ತಾರೆ. ಅಂಥ ಒಂದು ಹಂಗಾಮಿನಲ್ಲಿ ಭಾಲ್ಕಿ ಕಡೆಯ ಒಂದು ಸಣ್ಣ ಸಂಘದ ಕಾರ್ಯದರ್ಶಿ ಪೆನ್‌ಡ್ರೈವ್ ತಂದರು. ಕಡತಗಳ ಹೆಸರಿನ ತುದಿಯಲ್ಲಿ ಕಂಡು ಕೇಳರಿಯದ ಅಕ್ಷರಗಳು. ಒಂದೂ ತೆರೆಯಲಿಲ್ಲ. ವರ್ಷದ ಜಮಾ ಖರ್ಚು, ಸದಸ್ಯರ ಹೆಸರು, ಕನ್ನಡದಲ್ಲಿ ಬೆರಳಚ್ಚಿಸಿದ ಇಡೀ ವರದಿ ಬೀಗದೊಳಗೆ. ಅವರ ಯಂತ್ರಕ್ಕೆ ಹಾಕಿಸಿದ್ದು ಪೆನ್‌ಡ್ರೈವಿನ ನಕಲಿ. ಬೇರೆ ಪ್ರತಿ ಇಟ್ಟಿರಲಿಲ್ಲ. ಕೊನೆಗೆ ಕೈಬರಹದ ಲೆಜರ್ ನೋಡಿ ನಮ್ಮ ಹುಡುಗರು ನಾಲ್ಕು ರಾತ್ರಿ ಕೂತು ಮತ್ತೆ ಬೆರಳಚ್ಚಿಸಿದರು. ಲೆಜರ್ ಇತ್ತು, ಸಭೆ ನಡೆಯಿತು. ಲೆಜರ್ ಇಲ್ಲದಿದ್ದರೆ ರೈತರ ಲೆಕ್ಕಕ್ಕೆ ಯಾರು ಜವಾಬ್ದಾರಿ?

ಕಾನೂನಿನ ಮಾತೂ ಕೇಳಿ. ೧೯೫೭ರ ಹಕ್ಕುಸ್ವಾಮ್ಯ ಕಾಯ್ದೆಯ ೬೩ಬಿ ಕಲಂ ಪ್ರಕಾರ, ನಕಲಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ ೭ ದಿನದಿಂದ ೩ ವರ್ಷದವರೆಗೆ ಸೆರೆಮನೆ, ೫೦ ಸಾವಿರದಿಂದ ೨ ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸಿಲ್ಲವೆಂದಾದರೆ ನ್ಯಾಯಾಲಯ ಸೆರೆವಾಸ ಬಿಟ್ಟು ದಂಡ ಮಾತ್ರ ಹಾಕಬಹುದು. ‘ಎಲ್ಲರೂ ಹಂಗೇ ಮಾಡ್ತಾರ’ ಎನ್ನುವುದು ಕಾನೂನಿನ ಮುಂದೆ ಉತ್ತರವಲ್ಲ. ಕನ್ನಡದ ಹೋರಾಟ ಮಾಡುವವರ ಕಚೇರಿಯಲ್ಲೇ ನಕಲಿ ವಿಂಡೋಸ್ ಇದ್ದರೆ ನಾಳೆ ನಮ್ಮ ಬಾಯಿ ಮುಚ್ಚಿಸಲು ಬೇರೆ ಅಸ್ತ್ರ ಬೇಕೆ?

ನಿಮ್ಮ ಯಂತ್ರ ಅಸಲಿಯೋ ನಕಲಿಯೋ ನೋಡುವ ಬಗೆ ಹೇಳುತ್ತೇನೆ. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಎಂದು ಬರೆಯಿರಿ, ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ಡಿಎಲ್‌ವಿ ಎಂದು ಬರೆದು ಎಂಟರ್ ಒತ್ತಿ. ಓಇಎಂ, ರೀಟೇಲ್, ವಾಲ್ಯೂಮ್ ಯಾವುದೆಂದು ತೋರಿಸುತ್ತದೆ. ಕೆಎಂಎಸ್ ಎಂದು ಬಂದು, ನಿಮ್ಮ ಸಂಸ್ಥೆಯಲ್ಲಿ ಅಂಥ ಸರ್ವರೇ ಇಲ್ಲದಿದ್ದರೆ ಆ ಹಾಜರಿ ಎಲ್ಲಿ ಬೀಳುತ್ತಿದೆ ಎಂದು ಕೇಳಿಕೊಳ್ಳಿ.

ಎರಡನೆಯ ಬೀಗ

ವಿಂಡೋಸಿನ ಬೀಗ ಒಂದಾದರೆ ಕನ್ನಡಕ್ಕೆ ಇನ್ನೊಂದು ಬೀಗವಿದೆ. ಅದು ಅಕ್ಷರದೊಳಗಿನ ಸಂಕೇತ. ಹಿಂದೆ ಪ್ರತಿ ಕಂಪನಿಯ ಕನ್ನಡ ಫಾಂಟಿಗೂ ಅದರದೇ ಗುಪ್ತ ಲೆಕ್ಕ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಗೀಚು. ಇದನ್ನು ಒಡೆಯಲು ನಮ್ಮವರೇ ದುಡಿದರು. ೧೯೯೮ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ಕೊಟ್ಟರು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯನ್ನು ಉಚಿತವಾಗಿ ಹಂಚಲಾಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡಿಗರ ಬೆರಳಿಗೆ ಹೊಂದಿಕೊಂಡಿತು. ಇವರ ಋಣ ದೊಡ್ಡದು.

ಯುನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲೇ ಜಾಗ ಸಿಕ್ಕಿತ್ತು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂತು. ಆದರೂ ಛಾಪಖಾನೆಗಳು ಹಳೆಯ ಸಂಕೇತದಲ್ಲೇ ಉಳಿದವು. ಕಾರಣ ಪೇಜ್‌ಮೇಕರ್. ಅದರ ೭ನೇ ಆವೃತ್ತಿಯೇ ಕೊನೆಯದು, ಅದಕ್ಕೆ ಯುನಿಕೋಡ್ ತಿಳಿಯದು. ಹೀಗಾಗಿ ನಮ್ಮ ಜಿಲ್ಲೆಯ ಎಷ್ಟೋ ಪುಸ್ತಕ, ಸ್ಮರಣ ಸಂಚಿಕೆ, ಜಾತ್ರೆಯ ವಿಶೇಷಾಂಕಗಳ ಕಡತ ಇವತ್ತಿಗೂ ಹಳೆ ಫಾಂಟಿನ, ಹಳೆ ತಂತ್ರಾಂಶದ ಹಂಗಿನಲ್ಲಿವೆ.

ಆ ಹಳೆ ತಂತ್ರಾಂಶದ ಆಕ್ಟಿವೇಶನ್ ಸರ್ವರೇ ಮುಚ್ಚಿದರೆ? ಇದು ಊಹೆಯ ಮಾತಲ್ಲ. ೨೦೧೨ರ ಕೊನೆಗೆ ಅಡೋಬಿ ಕಂಪನಿ ತನ್ನ ಸಿಎಸ್‌೨ ತಂತ್ರಾಂಶಗಳ ಆಕ್ಟಿವೇಶನ್ ಸರ್ವರನ್ನು ನಿಲ್ಲಿಸಿತು. ಕೊಂಡವರಿಗೆ ಆಕ್ಟಿವೇಶನ್ ಬೇಡದ ಇನ್ನೊಂದು ಪ್ರತಿಯನ್ನು ಆಗ ಕೊಟ್ಟರು. ಎಲ್ಲರೂ ಪ್ರತಿ ಸಲ ಕೊಟ್ಟೇ ಕೊಡುತ್ತಾರೆ ಎಂಬ ಭರವಸೆ ಎಲ್ಲಿದೆ? ವಿಂಡೋಸ್ ೧೦ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಆಫೀಸ್ ೨೦೧೬, ೨೦೧೯ಕ್ಕೂ ಅಂದೇ. ಕೀಲಿಕೈ ಕೈಯಲ್ಲಿದ್ದರೂ ಮನೆಯ ಗೋಡೆ ಹಳೆಯದಾಗುತ್ತದೆ ಎಂಬುದನ್ನು ಮರೆಯಬೇಡಿ.

ಕಾಸರಗೋಡಿನ ಮಕ್ಕಳಿಂದ ಪಾಠ

೧೯೬೭ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಕಾಸರಗೋಡು ನಮಗೆ ಸೇರಬೇಕೆಂದು ಹೇಳಿತು, ಸೇರಲಿಲ್ಲ. ಆ ನೋವು ಬೇರೆ. ಆದರೆ ಒಂದು ಮಾತನ್ನು ಮತ್ಸರವಿಲ್ಲದೆ ಒಪ್ಪಿಕೊಳ್ಳೋಣ. ಕೇರಳದಲ್ಲಿ ೨೦೦೧ರಲ್ಲಿ ಶಾಲೆಗಳಿಗಾಗಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು, ೨೦೧೭ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ. ಅದಕ್ಕೆ ಕೂಪನ್ ಇಲ್ಲ, ಕೋರಂ ಇಲ್ಲ, ೧೮೦ ದಿನದ ಲೆಕ್ಕ ಇಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠವನ್ನು ಕನ್ನಡದ ಪಠ್ಯಪುಸ್ತಕದಲ್ಲೇ ಓದುತ್ತಾರೆ. ಪರರಾಜ್ಯದಲ್ಲಿರುವ ಕನ್ನಡದ ಮಗುವಿಗೆ ದಕ್ಕಿದ್ದು ಔರಾದಿನ ಮಗುವಿಗೆ ದಕ್ಕಬಾರದೆ?

ಹಾಗೆಂದು ಎಲ್ಲರೂ ನಾಳೆಯೇ ವಿಂಡೋಸ್ ಬಿಡಿ ಎಂದು ನಾನು ಹೇಳುವುದಿಲ್ಲ. ನನ್ನ ಛಾಪಖಾನೆಯಲ್ಲೇ ಕೋರೆಲ್ ಡ್ರಾ ಇಲ್ಲದೆ ದಿನ ಸಾಗದು. ಬ್ಯಾಂಕಿಗೆ, ಲೆಕ್ಕದ ಕೆಲಸಕ್ಕೆ ವಿಂಡೋಸ್ ಬೇಕಾಗಬಹುದು. ಬೇಕಾದ ಕಡೆ ಹಣ ಕೊಟ್ಟು ಕೊಳ್ಳಿ, ರಸೀದಿ ಇಡಿ. ಪತ್ರ ಬರೆಯಲು, ಮಕ್ಕಳಿಗೆ ಕಲಿಸಲು, ಇಂಟರ್‌ನೆಟ್ ನೋಡಲು ಮಾತ್ರ ಇರುವ ಯಂತ್ರಕ್ಕೆ ಲಿನಕ್ಸ್, ಲಿಬ್ರೆ ಆಫೀಸ್ ಸಾಕು. ಫಾಂಟಿಗೂ ಬರ ಇಲ್ಲ. ಲೋಹಿತ್, ಗುಬ್ಬಿ, ನವಿಲು, ನೋಟೊ, ಬಲೂ ತಮ್ಮ ಎಲ್ಲವೂ ಮುಕ್ತವಾಗಿ ಬಳಸಬಹುದಾದ ಕನ್ನಡ ಯುನಿಕೋಡ್ ಅಕ್ಷರಗಳು. ಅವುಗಳಿಗೆ ಡಾಂಗಲ್ ಬೇಡ.

ನಾವು ಕೇಳಬೇಕಾದ್ದು, ಮಾಡಬೇಕಾದ್ದು

ಬರೀ ಬೈದು ಮನೆಗೆ ಹೋಗುವುದು ಹೋರಾಟವಲ್ಲ. ಈ ಸಭೆಯಿಂದ ಐದು ಹಕ್ಕೊತ್ತಾಯ ಹೊರಡಲಿ.

ಮೊದಲನೆಯದು, ಸಾರ್ವಜನಿಕ ಹಣದಿಂದ ಕೊಂಡ ತಂತ್ರಾಂಶದ ಲೈಸೆನ್ಸ್ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಕೀ, ಪಾಸ್‌ವರ್ಡ್, ಖರೀದಿ ಪತ್ರ ಮೂರೂ ಸಂಸ್ಥೆಯ ಕಪಾಟಿನಲ್ಲಿರಬೇಕು, ಗುತ್ತಿಗೆದಾರನ ಕಿಸೆಯಲ್ಲಲ್ಲ. ಅದು ಕೈಗೆ ಬರುವವರೆಗೆ ಕೊನೆಯ ಬಿಲ್ ಪಾಸ್ ಆಗಬಾರದು.

ಎರಡನೆಯದು, ಪ್ರತಿ ಶಾಲೆ, ಪ್ರತಿ ಕಚೇರಿಯಲ್ಲಿ ಒಂದು ಕನ್ನಡದ ರಿಜಿಸ್ಟರ್. ಯಾವ ಯಂತ್ರ, ಯಾವ ತಂತ್ರಾಂಶ, ಯಾವ ಬಗೆಯ ಲೈಸೆನ್ಸ್, ಯಾವತ್ತು ಹಾಕಿದ್ದು, ಎಂಎಕೆ ಆದರೆ ಎಷ್ಟು ಕೂಪನ್ ಉಳಿದಿದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು.

ಮೂರನೆಯದು, ಕಂಪ್ಯೂಟರ್ ಪೂರೈಸುವವನು ಬಳಕೆಯ, ದುರಸ್ತಿಯ ಸೂಚನೆಯನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಟೆಂಡರಿನಲ್ಲೇ ಈ ಷರತ್ತು ಇರಬೇಕು.

ನಾಲ್ಕನೆಯದು, ಕನ್ನಡದ ಕಡತ ಯುನಿಕೋಡಿನಲ್ಲೇ ಇರಬೇಕು. ಹಳೆಯ ಕಡತಗಳನ್ನು ಪರಿವರ್ತಿಸಿ ಎರಡು ಕಡೆ ಪ್ರತಿ ಇಡಬೇಕು. ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿನಿಂದ ತಿದ್ದಲೇಬೇಕು. ಯಂತ್ರಕ್ಕೆ ಬಿಟ್ಟರೆ ಶರಣರ ವಚನ ಕುಲಗೆಟ್ಟು ಹೋಗುತ್ತದೆ.

ಐದನೆಯದು, ಕೆಲಸ. ಡಾ. ಸರೋಜಿನಿ ಮಹಿಷಿ ಸಮಿತಿ ೧೯೮೬ರಲ್ಲಿ ವರದಿ ಕೊಟ್ಟಿತು, ಕನ್ನಡಿಗರಿಗೆ ಉದ್ಯೋಗ ಎಂದು ನಾವು ಅಂದಿನಿಂದ ಕೂಗುತ್ತಿದ್ದೇವೆ. ೩೭೧ಜೆ ಬಂದು ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಸಿಕ್ಕಿತು. ಆದರೆ ತಮ್ಮಂದಿರೆ, ಕೆಲಸ ಕೇಳುವ ಬಾಯಿಗೆ ಕೆಲಸ ಬಲ್ಲ ಕೈಯೂ ಬೇಕು. ಈ ಮೂರು ತಾಲೂಕಿನ ಶಾಲೆ, ಸಂಘ, ಅಂಗಡಿಗಳ ಕಂಪ್ಯೂಟರುಗಳನ್ನು ಕಾನೂನುಬದ್ಧವಾಗಿ, ಕನ್ನಡದಲ್ಲಿ ವಿವರಿಸಿ ನೋಡಿಕೊಳ್ಳುವ ಇಪ್ಪತ್ತು ಹುಡುಗ ಹುಡುಗಿಯರು ತಯಾರಾದರೆ ಹೊರಗಿನವನಿಗೆ ಇಲ್ಲಿ ಏನು ಕೆಲಸ? ಎಂಎಕೆ, ಕೆಎಂಎಸ್, ಸಿಸ್‌ಪ್ರೆಪ್, ಡಿಎನ್‌ಎಸ್ ಇವು ಬ್ರಹ್ಮವಿದ್ಯೆಯಲ್ಲ. ಪಿಯುಸಿ ಓದಿದ ಛಾಪಖಾನೆಯವನು ವೇದಿಕೆಯ ಮೇಲೆ ನಿಂತು ಹೇಳಬಲ್ಲನೆಂದರೆ ಡಿಗ್ರಿ, ಡಿಪ್ಲೊಮಾ ಓದಿದ ನೀವು ಮಾಡಿ ತೋರಿಸಬಲ್ಲಿರಿ.

ಪಟ್ಟದ್ದೇವರು ೧೯೯೯ರಲ್ಲಿ ಲಿಂಗೈಕ್ಯರಾದರು. ಅವರು ಉಳಿಸಿಕೊಟ್ಟ ಕನ್ನಡ ಕಾಗದದ ಮೇಲಿತ್ತು, ಹಲಗೆಯ ಮೇಲಿತ್ತು, ಮಕ್ಕಳ ನಾಲಿಗೆಯ ಮೇಲಿತ್ತು. ಅದಕ್ಕೆ ಬೀಗ ಹಾಕಲು ನಿಜಾಮನಿಗೂ ಆಗಲಿಲ್ಲ. ಇವತ್ತಿನ ಕನ್ನಡ ಯಂತ್ರದೊಳಗಿದೆ. ಯಾವ ನಿಜಾಮನೂ ಬೇಕಿಲ್ಲ, ನಮ್ಮ ಉದಾಸೀನವೇ ಅದಕ್ಕೆ ಬೀಗ ಹಾಕಬಲ್ಲದು. ನಾಳೆ ಬೆಳಿಗ್ಗೆ ನೀವು ಓದಿದ ಶಾಲೆಗೆ ಹೋಗಿ, ಹೆಡ್ ಮಾಸ್ತರಿಗೆ ನಮಸ್ಕಾರ ಮಾಡಿ, ಒಂದೇ ಪ್ರಶ್ನೆ ಕೇಳಿ: ‘ಸರ್, ನಮ್ಮ ಶಾಲ್ಯಾಗಿನ ಕಂಪ್ಯೂಟರಿನ ಕೀಲಿ ಯಾರ ಹತ್ತಿರ ಅದ?’ ಉತ್ತರ ಸಿಗದಿದ್ದರೆ ಹುಡುಕಿ ಕೊಡುವ ಕೆಲಸ ನಿಮ್ಮದು.



ಜೈ ಕನ್ನಡಾಂಬೆ! ಸಿರಿಗನ್ನಡಂ ಗೆಲ್ಗೆ!